ಮುಟ್ಟು ನಿಂತಿದೆ, ಎದೆಹಾಲು ಬರ್ತಿದೆ: ಪಿಟ್ಯುಟರಿ ಗಡ್ಡೆ ಇದ್ದರೆ ಮಗು ಆಗಲ್ವಾ?

ಪ್ರಶ್ನೆ: ನನಗೆ 27 ವರ್ಷ. ಮದುವೆಯಾಗಿ ನಾಲ್ಕು ವರ್ಷ ಆಯ್ತು, ಮಕ್ಕಳಿಲ್ಲ. ಎಂಟು ತಿಂಗಳಿಂದ ಮುಟ್ಟಾಗಿಲ್ಲ. ಒಂದು ದಿನ ಬಟ್ಟೆ ಒಗೆಯುವಾಗ ರವಿಕೆಯ ಒಳಗೆ ಬಿಳಿ ಕಲೆ ಒಣಗಿ ಗಟ್ಟಿಯಾಗಿದ್ದು ಕಂಡಿತು. ಒತ್ತಿ ನೋಡಿದರೆ ಎರಡೂ ಕಡೆ ಹಾಲು. ಬಸುರಿ ಅಲ್ಲ ಅಂತ ಟೆಸ್ಟ್‌ನಲ್ಲಿ ಗೊತ್ತಾಯ್ತು. ರಕ್ತದಲ್ಲಿ ಪ್ರೊಲ್ಯಾಕ್ಟಿನ್ 148 ಇದೆಯಂತೆ, ಎಂಆರ್‌ಐ ಮಾಡಿಸಿದಾಗ ಪಿಟ್ಯುಟರಿಯಲ್ಲಿ 6 ಮಿ.ಮೀ. ಗಡ್ಡೆ ಕಂಡಿದೆ. ‘ತಲೆಯಲ್ಲಿ ಗಡ್ಡೆ ಇದ್ಯಂತೆ, ಇನ್ನೆಲ್ಲಿ ಮಕ್ಕಳು’ ಅಂತ ನೆಂಟರು ಮಾತಾಡ್ತಾರೆ. ನೇರವಾಗಿ ಐವಿಎಫ್ ಮಾಡಿಸಿ ಅಂತ ಕೆಲವರು ಹೇಳ್ತಾರೆ. ಆಪರೇಷನ್ ಬೇಕೇ ಬೇಕಾ?
(ಹೆಸರು ಬೇಡ, ಹಾವೇರಿ ಜಿಲ್ಲೆ)

ಉತ್ತರ: ಮೊದಲು ಭಯ ಬಿಡಿ ತಂಗಿ. ಬೇರೆ ತೊಂದರೆ ಇಲ್ಲದಿದ್ದರೆ ನಿಮಗೆ ಮಗು ಆಗುವ ಸಾಧ್ಯತೆ ತುಂಬಾ ಚೆನ್ನಾಗಿದೆ. ಆಪರೇಷನ್ ಬಹುಶಃ ಬೇಕಾಗೋದೇ ಇಲ್ಲ.

ಗಡ್ಡೆ ಅಂದ ಕೂಡಲೇ ಎಲ್ಲರಿಗೂ ಕ್ಯಾನ್ಸರ್ ನೆನಪಾಗುತ್ತೆ. ಪಿಟ್ಯುಟರಿಯ ಗಡ್ಡೆ ಕ್ಯಾನ್ಸರ್ ಆಗಿರೋದು ತೀರಾ ಅಪರೂಪ. ಪಿಟ್ಯುಟರಿ ಅನ್ನೋದು ಬಟಾಣಿ ಕಾಳಿನಷ್ಟು ಗ್ರಂಥಿ. ಮೆದುಳಿನ ಅಡಿಯಲ್ಲಿ, ಮೂಗಿನ ಹಿಂದೆ, ಮೂಳೆಯ ಪುಟ್ಟ ಕುಳಿಯೊಳಗೆ ಕೂತಿರುತ್ತೆ. ನಿಮ್ಮ ವರದಿ ನೋಡಿದರೆ ಇದು ಪ್ರೊಲ್ಯಾಕ್ಟಿನೋಮ, ಅಂದರೆ ಹಾಲು ಬರಿಸುವ ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನನ್ನು ಜಾಸ್ತಿ ಮಾಡುವ ಗಡ್ಡೆ. ಹಾರ್ಮೋನು ಸುರಿಸುವ ಪಿಟ್ಯುಟರಿ ಗಡ್ಡೆಗಳಲ್ಲಿ ಇದೇ ಹೆಚ್ಚು. 10 ಮಿ.ಮೀ.ಗಿಂತ ಕಡಿಮೆ ಇದ್ದರೆ ಚಿಕ್ಕ ಗಡ್ಡೆ ಅಂತ ಲೆಕ್ಕ, ನಿಮ್ಮದು ಚಿಕ್ಕದೇ.

ಮುಟ್ಟು ಯಾಕೆ ನಿಂತಿತು? ಬಾಣಂತಿ ಹಾಲೂಡಿಸುವ ತಿಂಗಳುಗಳಲ್ಲಿ ಮುಟ್ಟು ತಡವಾಗೋದನ್ನ ನೀವು ಮನೆಯಲ್ಲೇ ನೋಡಿರ್ತೀರಿ, ಅಲ್ವಾ? ಆಗ ಪ್ರೊಲ್ಯಾಕ್ಟಿನ್ ಏರಿರುತ್ತೆ, ಅಂಡಾಶಯಕ್ಕೆ ‘ಮೊಟ್ಟೆ ಬಿಡು’ ಅಂತ ಮೆದುಳಿನಿಂದ ಹೋಗಬೇಕಾದ ಸೂಚನೆ ಕುಗ್ಗುತ್ತೆ. ನಿಮ್ಮಲ್ಲೂ ಅದೇ ಆಗಿದೆ. ಗರ್ಭಕೋಶ ಕೆಟ್ಟಿಲ್ಲ, ಅಂಡಾಶಯ ಬತ್ತಿಲ್ಲ. ಮೇಲಿನಿಂದ ಸೂಚನೆ ಬರ್ತಿಲ್ಲ, ಅಷ್ಟೇ. ಮೊಟ್ಟೆ ಬಿಡುಗಡೆಯಾಗದೆ ಬಸುರಾಗೋದು ಹೇಗೆ? ನಿಮ್ಮ ಮೇಲೆ ಬಂಜೆ ಅನ್ನೋ ಮಾತು ಹೊರಿಸುವವರಿಗೆ ಇದನ್ನ ಯಾರಾದರೂ ಕೂರಿಸಿ ಹೇಳಬೇಕು.

ಇದಕ್ಕೆ ಮಾತ್ರೆ ಇದೆ, ಹೆಸರು ಕ್ಯಾಬರ್ಗೋಲಿನ್. ಸಾಮಾನ್ಯವಾಗಿ 0.25 ಅಥವಾ 0.5 ಮಿ.ಗ್ರಾಂ.ನಿಂದ ಶುರು ಮಾಡ್ತಾರೆ, ವಾರಕ್ಕೆ ಒಂದೋ ಎರಡೋ ಸಲ. ಗಮನಿಸಿ, ದಿನಕ್ಕೆ ಅಲ್ಲ, ವಾರಕ್ಕೆ! ಉಳಿದ ಮಾತ್ರೆಗಳ ಜೊತೆ ಸೇರಿಸಿ ದಿನಾ ನುಂಗಿಬಿಡುವ ತಪ್ಪು ಆಗಬಹುದು, ಅದಕ್ಕೇ ಕ್ಯಾಲೆಂಡರ್‌ನಲ್ಲಿ ಸೋಮವಾರ, ಗುರುವಾರ ಹೀಗೆ ಗುರುತು ಹಾಕಿಕೊಳ್ಳಿ. ರಾತ್ರಿ ಊಟ ಆದ ಮೇಲೆ ತಗೊಂಡು ಮಲಗಿ. ಮೊದಮೊದಲು ವಾಕರಿಕೆ ಬರಬಹುದು, ಹಾಸಿಗೆಯಿಂದ ಥಟ್ಟನೆ ಎದ್ದರೆ ತಲೆ ಸುತ್ತಬಹುದು, ನಿಧಾನವಾಗಿ ಏಳಿ. ಹೆಚ್ಚಿನವರಲ್ಲಿ ಪ್ರೊಲ್ಯಾಕ್ಟಿನ್ ಇಳಿಯುತ್ತೆ, ಗಡ್ಡೆಯೂ ಕುಗ್ಗುತ್ತೆ, ಮುಟ್ಟು ವಾಪಸ್ ಬರುತ್ತೆ.

ಇಲ್ಲೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಮೊಟ್ಟೆ ಮೊದಲು ಬಿಡುಗಡೆಯಾಗುತ್ತೆ, ಮುಟ್ಟು ಆಮೇಲೆ. ಅಂದರೆ ಮಾತ್ರೆ ಶುರು ಮಾಡಿದ ಮೇಲೆ ಒಂದು ಸಲವೂ ಮುಟ್ಟಾಗದೆ ನೇರ ಬಸುರಾಗಬಹುದು. ಹಾಗಾಗಿ ‘ಇನ್ನೂ ಮುಟ್ಟೇ ಬಂದಿಲ್ಲ’ ಅಂತ ಸುಮ್ನೆ ಕೂರಬೇಡಿ, ಅನುಮಾನ ಬಂದರೆ ಟೆಸ್ಟ್ ಮಾಡಿಕೊಳ್ಳಿ.

ಐವಿಎಫ್‌ಗೆ ಈಗಲೇ ದುಡ್ಡು ಸುರಿಯಬೇಡಿ. ಮೊದಲು ಎಂಡೋಕ್ರೈನಾಲಜಿಸ್ಟ್, ಅಂದರೆ ಹಾರ್ಮೋನು ತಜ್ಞರನ್ನು ನೋಡಿ. ಥೈರಾಯ್ಡ್ ಟೆಸ್ಟ್ ಆಗಿಲ್ಲದಿದ್ದರೆ ಮಾಡಿಸಿ, ಥೈರಾಯ್ಡ್ ಕಡಿಮೆಯಾದರೂ ಪ್ರೊಲ್ಯಾಕ್ಟಿನ್ ಏರುತ್ತೆ. ನಿಮ್ಮ ಗಂಡನ ವೀರ್ಯ ಪರೀಕ್ಷೆಯೂ ಆಗಲಿ. ನಾಲ್ಕು ವರ್ಷ ಎಲ್ಲ ಟೆಸ್ಟೂ ಹೆಂಡತಿಗೇ ಮಾಡಿಸೋದು ನ್ಯಾಯ ಅಲ್ಲ. ಮಾತ್ರೆ ಕೆಲಸ ಮಾಡದಿದ್ದರೆ, ತಡೆದುಕೊಳ್ಳೋಕೆ ಆಗದಿದ್ದರೆ, ಅಥವಾ ದೊಡ್ಡ ಗಡ್ಡೆ ಕಣ್ಣಿನ ನರ ಒತ್ತುತ್ತಾ ಇದ್ದು ಮಾತ್ರೆಗೂ ಬಗ್ಗದಿದ್ದರೆ ಆಗ ಆಪರೇಷನ್ ಮಾತು. ಅದನ್ನೂ ಹೆಚ್ಚಾಗಿ ಮೂಗಿನ ಮೂಲಕವೇ ಮಾಡ್ತಾರೆ, ತಲೆಬುರುಡೆ ತೆರೆಯಲ್ಲ.

ಪ್ರಶ್ನೆ: ನನ್ನ ಪ್ರೊಲ್ಯಾಕ್ಟಿನ್ 41. ಮುಟ್ಟು ಹಿಂದೆ ಮುಂದೆ ಆಗುತ್ತೆ. ಗ್ಯಾಸ್ಟ್ರಿಕ್‌ಗೆ ಅಂತ ಒಂದು ವರ್ಷದಿಂದ ದಿನಾ ಬೆಳಿಗ್ಗೆ ಮಾತ್ರೆ ತಗೊಳ್ತೀನಿ. ನನಗೂ ಗಡ್ಡೆ ಇರಬಹುದಾ?
(32 ವರ್ಷ, ತುಮಕೂರು)

ಉತ್ತರ: ಆ ಮಾತ್ರೆಯ ಪಟ್ಟಿ ತಿರುಗಿಸಿ ಸಣ್ಣಕ್ಷರ ಓದಿ. ಪ್ಯಾಂಟೊಪ್ರಜೋಲ್ ಜೊತೆ ಡಾಂಪೆರಿಡೋನ್ ಅಥವಾ ಲೆವೊಸಲ್ಪಿರೈಡ್ ಅಂತ ಇದೆಯಾ? ಇದ್ದರೆ ಪ್ರೊಲ್ಯಾಕ್ಟಿನ್ ಏರೋಕೆ ಅದೇ ಸಾಕು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಈ ಮಾತ್ರೆ ಉಪ್ಪಿನಕಾಯಿ ಥರ ದಿನಾ ಊಟದ ಜೊತೆ ಇರುತ್ತೆ, ಯಾರೂ ಅನುಮಾನ ಪಡಲ್ಲ. ನಿಮ್ಮ ವೈದ್ಯರನ್ನು ಕೇಳಿ ನಿಲ್ಲಿಸಿ, ಒಂದು ವಾರ ಬಿಟ್ಟು ಮತ್ತೆ ರಕ್ತ ಕೊಡಿ. ಬಸ್ ಇಳಿದು ಓಡೋಡಿ ಬಂದು ತೋಳು ಚಾಚಬೇಡಿ, ಗಾಬರಿ ಮತ್ತು ಆಯಾಸದಿಂದಲೂ ಈ ಸಂಖ್ಯೆ ಏರುತ್ತೆ. ಎದ್ದು ಎರಡು ಮೂರು ಗಂಟೆ ಆದ ಮೇಲೆ, ಸ್ವಲ್ಪ ಹೊತ್ತು ಕೂತು, ಆಮೇಲೆ ಕೊಡಿ. ಆಗಲೂ ಜಾಸ್ತಿ ಇದ್ದರೆ ಎಂಆರ್‌ಐ ಬಗ್ಗೆ ಯೋಚಿಸೋಣ. ಮಾನಸಿಕ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳೂ ಹೀಗೆ ಮಾಡುತ್ತವೆ, ಆದರೆ ಅವನ್ನು ಮಾತ್ರ ನೀವಾಗಿ ನಿಲ್ಲಿಸಲೇಬೇಡಿ.

ಪ್ರಶ್ನೆ: 5 ಮಿ.ಮೀ. ಗಡ್ಡೆಗೆ ಕ್ಯಾಬರ್ಗೋಲಿನ್ ತಗೊಳ್ತಿದ್ದೆ. ಈಗ ಆರು ವಾರದ ಬಸುರಿ. ಮಾತ್ರೆಯಿಂದ ಮಗುವಿಗೆ ತೊಂದರೆ ಆಗಿರಬಹುದಾ? ಹೆದರಿಕೆಯಿಂದ ನಿದ್ದೆ ಬರ್ತಿಲ್ಲ.
(ಶಿರಸಿ)

ಉತ್ತರ: ಸಿಹಿ ಸುದ್ದಿ! ಬಸುರಿನ ಮೊದಲ ವಾರಗಳಲ್ಲಿ ಈ ಮಾತ್ರೆ ತಗೊಂಡ ತಾಯಂದಿರಲ್ಲಿ ಗರ್ಭಪಾತವಾಗಲಿ, ಮಗುವಿನ ಅಂಗದೋಷವಾಗಲಿ ಹೆಚ್ಚಾಗಿದ್ದು ಕಂಡುಬಂದಿಲ್ಲ. ಇವತ್ತೇ ನಿಮ್ಮ ವೈದ್ಯರಿಗೆ ಫೋನ್ ಮಾಡಿ. ಚಿಕ್ಕ ಗಡ್ಡೆ ಇದ್ದರೆ ಬಸುರು ಖಚಿತವಾದ ಕೂಡಲೇ ಮಾತ್ರೆ ನಿಲ್ಲಿಸೋದು ರೂಢಿ. ಬಸುರಿನಲ್ಲಿ ಪ್ರೊಲ್ಯಾಕ್ಟಿನ್ ತಾನಾಗೇ ಏರುತ್ತೆ, ಅದಕ್ಕೆ ಈಗ ಅದನ್ನು ಪದೇ ಪದೇ ಅಳೆಸಿ ಗಾಬರಿಯಾಗಬೇಡಿ. ಚಿಕ್ಕ ಗಡ್ಡೆ ಬಸುರಿನಲ್ಲಿ ತೊಂದರೆ ಕೊಡುವಷ್ಟು ಬೆಳೆಯೋದು ನೂರರಲ್ಲಿ ಎರಡು ಮೂರು ಜನರಿಗೆ ಮಾತ್ರ. ಬಿಡದೆ ತಲೆನೋವು ಬಂದರೆ, ಅಥವಾ ರಸ್ತೆ ದಾಟುವಾಗ ಪಕ್ಕದಿಂದ ಬರುವ ಬೈಕು ಕಾಣಿಸದೆ ಹತ್ತಿರ ಬಂದ ಮೇಲೆ ಬೆಚ್ಚಿಬೀಳುವ ಹಾಗಾದರೆ, ಮುಂದಿನ ಚೆಕಪ್‌ವರೆಗೆ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ. ಹೆರಿಗೆಯಾದ ಮೇಲೆ ಹಾಲೂಡಿಸಬಹುದಾ ಅಂತ ಮುಂದೆ ನೀವು ಕೇಳೇ ಕೇಳ್ತೀರಿ. ಊಡಿಸಬಹುದು, ಅದರಿಂದ ಗಡ್ಡೆ ಬೆಳೆಯಲ್ಲ.