ದುಬಾರಿ ಗಿಟಾರ್‌ಗೂ ಅಗ್ಗದ್ದಕ್ಕೂ ಕೆಲಸದಲ್ಲಿ ಏನು ವ್ಯತ್ಯಾಸ?

ಎಲೆಕ್ಟ್ರಿಕ್ ಗಿಟಾರಿನ ಬೆಲೆ ಏರುವುದು ಮರದಿಂದಲೇ ಎಂಬ ಮಾತು ಕೇಳಿರುತ್ತೀರಿ. ನನ್ನ ಲೆಕ್ಕದಲ್ಲಿ ಮರದ ಪಾಲು ಎಲ್ಲಕ್ಕಿಂತ ಕೊನೆಗೆ. ಈಗ ಅಗ್ಗದ ಬಾಡಿಯನ್ನೂ ಕಂಪ್ಯೂಟರ್ ನಿಯಂತ್ರಿತ ಯಂತ್ರವೇ ಕೊರೆಯುತ್ತದೆ. ಫೆಂಡರ್ ಆಗಲಿ, ಅದೇ ಕಂಪನಿಯ ಅಗ್ಗದ ಬ್ರ್ಯಾಂಡ್ ಸ್ಕ್ವಯರ್ ಆಗಲಿ, ಪೂರ್ಣ ಗಾತ್ರದ ಸ್ಟ್ರಾಟೊಕಾಸ್ಟರ್ ಮಾದರಿಯ ಸ್ಕೇಲ್, ಅಂದರೆ ಮಿಡಿಯುವ ತಂತಿಯ ಉದ್ದ, 25.5 ಇಂಚೇ.

ದುಡ್ಡು ಹೋಗುವುದು ಕೈಕೆಲಸಕ್ಕೆ. ನೆಕ್‌ನ (ಬೆರಳೊತ್ತುವ ಉದ್ದನೆಯ ಕತ್ತಿನ) ಅಂಚಿನಲ್ಲಿ ಬೆರಳು ಜಾರಿಸಿ ನೋಡಿ: ಅಲ್ಲಿನ ಅಡ್ಡ ಲೋಹಪಟ್ಟಿಗಳಾದ ಫ್ರೆಟ್‌ಗಳ ತುದಿಗಳು ಗರಗಸದ ಹಾಗೆ ಚುಚ್ಚಿದರೆ, ಅಲ್ಲಿ ಯಾರೂ ಅರ ಹಿಡಿದು ಕೂತಿಲ್ಲ ಎಂದರ್ಥ. ನಟ್‌ನ (ನೆಕ್ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯ) ಗೀರು ಸಾಕಷ್ಟು ಆಳವಿಲ್ಲದಿದ್ದರೆ ಮೊದಲ ಫ್ರೆಟ್‌ನಲ್ಲಿ ಸ್ವರ ಏರುತ್ತದೆ. ಇಕ್ಕಟ್ಟಾಗಿದ್ದರೆ ತಂತಿ ಸಿಕ್ಕಿಕೊಂಡು, ಬೆರಳಿಂದ ಪಕ್ಕಕ್ಕೆಳೆದು ಬೆಂಡ್ ಮಾಡಿದ ಮೇಲೆ ಶ್ರುತಿಗೆ ಮರಳುವುದಿಲ್ಲ. ಬೈಗುಳ ಮಾತ್ರ ತಂತಿ ಬಿಗಿಯುವ ಟ್ಯೂನರ್‌ಗೆ, ಪಾಪ!

ನಮ್ಮ ಕಾಸರಗೋಡಿನಲ್ಲಿ ಇನ್ನೊಬ್ಬ ಪರೀಕ್ಷಕನಿದ್ದಾನೆ, ಆಟಿ ತಿಂಗಳ ಮಳೆ. ನನ್ನ ಅಗ್ಗದ ಗಿಟಾರಿನ ಬ್ರಿಜ್ (ಬಾಡಿಯ ಮೇಲೆ ತಂತಿಗಳನ್ನು ಹಿಡಿಯುವ ಭಾಗ) ತಿರುಪುಗಳು ಎರಡೇ ಮಳೆಗಾಲಕ್ಕೆ ತುಕ್ಕು ಹಿಡಿದವು. ವಾಲ್ಯೂಮ್ ತಿರುಗಿಸಿದರೆ ಕರಕರ ಸದ್ದು. ಒಳ್ಳೆಯ ಲೋಹ, ಒಳ್ಳೆಯ ಪಾಟ್ (ವಾಲ್ಯೂಮ್ ಗುಂಡಿಯ ಕೆಳಗಿನ ಬಿಡಿಭಾಗ) ಇದ್ದರೆ ಇದು ನಿಧಾನ. ಆದರೆ ತೇವಕ್ಕೆ ನೆಕ್ ಬಾಗುವುದು ದುಬಾರಿಯದ್ದಕ್ಕೂ ತಪ್ಪಿದ್ದಲ್ಲ, ನೆಕ್ ಒಳಗಿನ ಲೋಹದ ಸರಳು, ಟ್ರಸ್ ರಾಡ್, ತಿರುಗಿಸಿ ನೇರ ಮಾಡಲೇಬೇಕು.

ಮೊದಲ ಗಿಟಾರ್ ಆದರೆ ಅಗ್ಗದ್ದೇ ತೆಗೆದುಕೊಳ್ಳಿ, ನಟ್ ಮತ್ತು ಫ್ರೆಟ್ ಸರಿಮಾಡಿಸಲು ಸ್ವಲ್ಪ ದುಡ್ಡು ಬೇರೆ ಇಟ್ಟುಕೊಳ್ಳಿ.