ಗಲ್ಲಾ ಎಣಿಸಿದರೆ ಲೆಕ್ಕ ಬರೆದಂತಾಯಿತೇ?

ಪ್ರಶ್ನೆ: ದಿನಾ ರಾತ್ರಿ ಗಲ್ಲಾ ಎಣಿಸಿ, ಖರ್ಚು ಕೂಡಿಸಿ, ಅದೇ ಆ ದಿನದ ವ್ಯಾಪಾರ ಎಂದು ಬರೆಯುತ್ತೇನೆ. ಆದರೂ ದುಡ್ಡು ಎಲ್ಲೋ ಸೋರುತ್ತಿದೆ ಅನಿಸುತ್ತದೆ.
– ಬೇಕರಿ ಮಾಲೀಕರು, ಹಾಸನ

ಈ ಪದ್ಧತಿಯಲ್ಲಿ ಸೋರಿಕೆ ಎಂದಿಗೂ ಸಿಗುವುದಿಲ್ಲ. ಗಲ್ಲಾದಿಂದ 200 ರೂಪಾಯಿ ಹೋದರೆ, ವ್ಯಾಪಾರವೇ 200 ಕಡಿಮೆಯಾಯಿತೆಂದು ಪುಸ್ತಕ ಒಪ್ಪಿಕೊಂಡುಬಿಡುತ್ತದೆ. ವ್ಯಾಪಾರದ ಮೊತ್ತ ಗಲ್ಲಾದಿಂದ ಬರಬಾರದು. ಕ್ರಮಸಂಖ್ಯೆ ಇರುವ ಬಿಲ್ ಪುಸ್ತಕದಿಂದಲೋ ಬಿಲ್ಲಿಂಗ್ ಯಂತ್ರದಿಂದಲೋ ಬರಬೇಕು. ಆಗ ಮಾತ್ರ ಎರಡನ್ನೂ ತಾಳೆ ನೋಡಲು ಸಾಧ್ಯ.

ಒಂದು ದಿನದ ರೋಕಡ (ನಗದಿನ ಲೆಕ್ಕ) ಹೀಗಿದೆ ಎಂದಿಟ್ಟುಕೊಳ್ಳಿ. ಬೆಳಗಿನ ಶಿಲ್ಕು, ಅಂದರೆ ಗಲ್ಲಾದಲ್ಲಿ ಮೊದಲೇ ಇದ್ದ ಹಣ 3,000, ನಗದು ಬಿಲ್ಲುಗಳು 8,450, ಹಳೆ ಉದ್ರಿ ವಸೂಲಿ 600, ಒಟ್ಟು 12,050. ಹಾಲಿಗೆ 840, ಮೈದಾಕ್ಕೆ 360, ಕೂಲಿ 700, ಮನೆಗೆ 1,000, ಒಟ್ಟು ಖರ್ಚು 2,900. ಉಳಿಯಬೇಕಾದ್ದು 9,150. ಎಣಿಸಿದರೆ 8,880 ಇದೆ, 270 ಕಮ್ಮಿ. ವ್ಯತ್ಯಾಸ 9ರಿಂದ ಸರಿಯಾಗಿ ಭಾಗವಾದರೆ ಮೊದಲು ಅಂಕಿ ಅದಲುಬದಲಾಗಿದೆಯೇ ನೋಡಿ. ಇಲ್ಲಿ ಮೈದಾದ ಬಿಲ್ಲು 630, ಬರೆದದ್ದು 360. ಹಾಗೆ ಸಿಗದಿದ್ದರೆ, ಯುಪಿಐನಲ್ಲಿ ಬಂದ ಬಿಲ್ಲನ್ನು ನಗದಿಗೆ ಸೇರಿಸಿದ್ದೀರಾ ಎಂದು ಹುಡುಕಿ. ಅದೂ ಅಲ್ಲವೆಂದರೆ ‘ಕಮ್ಮಿ’ ಎಂದೇ ಬರೆದಿಡಿ. ಜೇಬಿನಿಂದ ಹಾಕಿ ಸರಿಮಾಡಬೇಡಿ. ಯಾವ ವಾರ, ಯಾರು ಗಲ್ಲಾದಲ್ಲಿದ್ದಾಗ ಕಮ್ಮಿಯಾಗುತ್ತದೆ ಎಂಬುದು ತಿಂಗಳ ಕೊನೆಗೆ ಆ ಬರಹದಿಂದಲೇ ತಿಳಿಯುವುದು.

ಪ್ರಶ್ನೆ: ಅಂಗಡಿಗೂ ಮನೆಗೂ ಒಂದೇ ಕ್ಯೂಆರ್. ಖಾತೆಗೆ ಬಂದದ್ದೆಲ್ಲ ವ್ಯಾಪಾರವೆಂದೇ ಲೆಕ್ಕವೇ?
– ಕಾಂಡಿಮೆಂಟ್ಸ್ ಅಂಗಡಿ, ದಾವಣಗೆರೆ

ಅಲ್ಲ. ಆದರೆ ಅಲ್ಲವೆಂದು ತೋರಿಸುವ ಹೊಣೆ ನಿಮ್ಮ ಮೇಲೇ ಬೀಳುತ್ತದೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮಾ ನೋಡಿ ಸಣ್ಣ ವರ್ತಕರಿಗೆ ನೋಟಿಸ್ ಕೊಟ್ಟದ್ದು ನೆನಪಿರಬಹುದು. ಕೈಸಾಲ, ಚೀಟಿ ದುಡ್ಡು, ಮಗ ಕಳಿಸಿದ ಹಣ ಯಾವುದೂ ವಹಿವಾಟಲ್ಲ, ಆದರೆ ಬ್ಯಾಂಕ್ ಪಟ್ಟಿಯಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ. ಈ ವಾರವೇ ಅಂಗಡಿ ಹೆಸರಲ್ಲಿ ಚಾಲ್ತಿ ಖಾತೆ ತೆರೆದು ಬೇರೆ ಕ್ಯೂಆರ್ ಹಾಕಿ. ಹಳೆಯ ಸ್ಟೇಟ್‌ಮೆಂಟ್ ಮುದ್ರಿಸಿ, ವ್ಯಾಪಾರವಲ್ಲದ ಪ್ರತಿ ಜಮಾದ ಪಕ್ಕ ಯಾರಿಂದ, ಯಾತಕ್ಕೆ ಎಂದು ಈಗಲೇ ಬರೆಯಿರಿ. ಎರಡು ವರ್ಷವಾದ ಮೇಲೆ ನೆನಪಾಗುವುದಿಲ್ಲ.

ಸರಕು ಮಾರುವವರಿಗೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿ ಮಿತಿ ವರ್ಷಕ್ಕೆ 40 ಲಕ್ಷ, ಎಂದರೆ ದಿನಕ್ಕೆ ಸರಾಸರಿ 11 ಸಾವಿರದಷ್ಟು. ಹಲವರು ಎಡವುವುದು ಇಲ್ಲೇ: ಬಿಸ್ಕತ್ತು, ಚಾಕೊಲೇಟಿನಂಥ ತೆರಿಗೆಯ ಸರಕೂ ಮಾರುವವರು ತೆರಿಗೆಯಿಲ್ಲದ ಹಾಲು, ಬ್ರೆಡ್ಡಿನ ಮಾರಾಟವನ್ನೂ, ನಗದು ಮಾರಾಟವನ್ನೂ ಈ ಮೊತ್ತಕ್ಕೆ ಸೇರಿಸಬೇಕು. ಬರೀ ತೆರಿಗೆಯಿಲ್ಲದ ಸರಕು ಮಾರಿದರೆ ಮಾತ್ರ ಮಿತಿ ದಾಟಿದರೂ ನೋಂದಣಿ ಬೇಡ. ಪ್ರತಿ ತಿಂಗಳು ಏಪ್ರಿಲ್‌ನಿಂದ ಆದ ಒಟ್ಟು ಮಾರಾಟ ಬರೆದಿಡಿ. ಮಿತಿ ದಾಟಿದರೆ 30 ದಿನದೊಳಗೆ ಅರ್ಜಿ ಹಾಕಬೇಕು.

ಪ್ರಶ್ನೆ: ಆಡಿಟರ್ 6 ಲಕ್ಷ ಲಾಭ ಎಂದರು. ವರ್ಷದಲ್ಲಿ ಬ್ಯಾಂಕಿನಲ್ಲಿ ಹೆಚ್ಚಾದದ್ದು 36 ಸಾವಿರ. ಉಳಿದದ್ದು ಎಲ್ಲಿ?
– ಹಾರ್ಡ್‌ವೇರ್ ವ್ಯಾಪಾರಿ, ಗದಗ

ನೀವು ಕಳಿಸಿದ ಹಾಳೆಯಲ್ಲೇ ಇದೆ. ಉದ್ರಿ 1,10,000ದಿಂದ 2,60,000ಕ್ಕೆ ಏರಿದೆ, ಅಲ್ಲಿ ಒಂದೂವರೆ ಲಕ್ಷ. ದಾಸ್ತಾನು 90,000 ಹೆಚ್ಚಿದೆ. ಸಾಲದ ಅಸಲು ತಿಂಗಳಿಗೆ 7,000ದಂತೆ 84,000. ಬಡ್ಡಿ ಮಾತ್ರ ಖರ್ಚು, ಅಸಲು ಲಾಭದಲ್ಲಿ ಕಳೆಯುವುದಿಲ್ಲ. ಮನೆಗೆ ತಿಂಗಳಿಗೆ 20,000, ಅಂದರೆ 2,40,000. ಎಲ್ಲ ಕಳೆದರೆ 36,000. ಲೆಕ್ಕ ಸರಿಯಾಗಿಯೇ ಇದೆ.

ಕೈ ಹಾಕಬೇಕಾದ್ದು ಉದ್ರಿಗೆ. ಖಾತೆ ಪುಸ್ತಕದಲ್ಲಿ ಬಾಕಿಯನ್ನು 30 ದಿನದೊಳಗಿನದು, 31ರಿಂದ 90ರೊಳಗಿನದು, 90 ದಾಟಿದ್ದು ಎಂದು ಮೂರು ಕಾಲಂ ಮಾಡಿ. 90 ದಾಟಿದವರಿಗೆ ಹೊಸ ಸರಕು ನಗದಿಗೆ ಮಾತ್ರ. ಕೊಡಲು ವಾಯಿದೆ ಗೊತ್ತುಮಾಡದೆ ಉದ್ರಿ ಕೊಟ್ಟ ಸರಕಿನ ಹಣಕ್ಕೆ ದಾವೆ ಹೂಡಲು, ಸರಕು ಕೊಟ್ಟ ದಿನದಿಂದ ಮೂರೇ ವರ್ಷ. ಆ ಅವಧಿ ಮುಗಿಯುವ ಮೊದಲು ‘ಇಷ್ಟು ಬಾಕಿ ಇದೆ’ ಎಂದು ಗಿರಾಕಿ ಬರೆದು ಸಹಿ ಮಾಡಿಕೊಟ್ಟರೆ ಅಲ್ಲಿಂದ ಮತ್ತೆ ಮೂರು ವರ್ಷ ಸಿಗುತ್ತದೆ. ಹಾಗಾಗಿ ಪ್ರತಿ ಮಾರ್ಚ್ 31ರ ಬಾಕಿಗೆ ದೊಡ್ಡ ಗಿರಾಕಿಗಳ ಸಹಿ ತೆಗೆದುಕೊಳ್ಳಿ.