ಓಡಾಡುವ ಎಲೆಕ್ಟ್ರಾನ್‌ಗಳು ಸಾಲು ಕಟ್ಟುವುದು ಹೇಗೆ?

ಪ್ರಶ್ನೆ: ಲೋಹದಲ್ಲಿ ಎಲೆಕ್ಟ್ರಾನ್‌ಗಳು ಒಂದು ಕಡೆ ನಿಲ್ಲುವುದಿಲ್ಲ, ಅದಕ್ಕೇ ಕರೆಂಟು ಹರಿಯುತ್ತದೆ ಎಂದು ಓದಿದ್ದೇನೆ. ಕೆಲವು ಲೋಹಗಳಲ್ಲಿ ಅವುಗಳ ಚಾರ್ಜು, ಸ್ಪಿನ್ನು ಸಾಲಾಗಿ ಜೋಡಣೆಯಾಗುತ್ತವಂತೆ. ಇದು ಹೇಗೆ ಸಾಧ್ಯ?
– ಓದುಗರೊಬ್ಬರು, ರಾಯಚೂರು

ಉತ್ತರ: ‘ಸಾಲು’ ಎನ್ನುವ ಮಾತೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಎಲೆಕ್ಟ್ರಾನ್‌ಗಳು ಓಡಾಟ ನಿಲ್ಲಿಸುವುದಿಲ್ಲ. ಜಾತ್ರೆಯಲ್ಲಿ ಜನ ನಡೆಯುತ್ತಲೇ ಇರುತ್ತಾರೆ, ಆದರೂ ಬೆಂಡು ಬತ್ತಾಸಿನ ಅಂಗಡಿ ಮುಂದೆ ಯಾವಾಗಲೂ ಗುಂಪು ಇರುತ್ತದೆ ಅಲ್ವಾ, ಹಾಗೆ. ಇಲ್ಲಿ ಒಂಚೂರು ಜಾಸ್ತಿ, ಪಕ್ಕದಲ್ಲಿ ಒಂಚೂರು ಕಡಿಮೆ, ಮತ್ತೆ ಜಾಸ್ತಿ. ಇದು ಚಾರ್ಜ್ ಅಲೆ. ಇನ್ನು ಸ್ಪಿನ್ ಎಂದರೆ ಎಲೆಕ್ಟ್ರಾನ್ ಒಂದು ಪುಟಾಣಿ ಆಯಸ್ಕಾಂತದಂತೆ ವರ್ತಿಸುವ ಗುಣ, ಅದು ಮೇಲ್ಮುಖ ಅಥವಾ ಕೆಳಮುಖ ಇರಬಹುದು. ಸ್ಪಿನ್ ಅಲೆಯಲ್ಲಿ ಒಟ್ಟು ಎಣಿಕೆ ಎಲ್ಲ ಕಡೆ ಹೆಚ್ಚೂಕಡಿಮೆ ಒಂದೇ, ಆದರೆ ಒಂದು ಕಡೆ ಮೇಲ್ಮುಖದ ಸ್ಪಿನ್ ಜಾಸ್ತಿ, ಪಕ್ಕದಲ್ಲಿ ಕೆಳಮುಖದ್ದು ಜಾಸ್ತಿ.

ಯಾಕೆ ಹೀಗಾಗುತ್ತದೆ? ಲಾಭಕ್ಕೆ! ಚಾರ್ಜ್ ಅಲೆಯಲ್ಲಿ ಪರಮಾಣುಗಳೂ ಕೊಂಚ ಜರುಗುತ್ತವೆ. ಜರುಗಲು ಶಕ್ತಿ ಖರ್ಚಾಗುತ್ತದೆ, ಆದರೆ ಎಲೆಕ್ಟ್ರಾನ್‌ಗಳಿಗೆ ಅದಕ್ಕಿಂತ ಹೆಚ್ಚು ಉಳಿತಾಯವಾದರೆ ಅಲೆ ಕಟ್ಟುತ್ತದೆ. ಒಂದೇ ಸಾಲಿನ ಪರಮಾಣುಗಳಲ್ಲಿ ಇದು ಆಗಿಯೇ ತೀರಬೇಕು ಎಂದು ತೋರಿಸಿದವರು ಭೌತವಿಜ್ಞಾನಿ ಪಯರ್ಲ್ಸ್. ಸ್ಪಿನ್ ಅಲೆಗೆ ಪರಮಾಣುಗಳು ಜರುಗಲೇಬೇಕೆಂದಿಲ್ಲ. ಎಲೆಕ್ಟ್ರಾನ್‌ಗಳು ಒಂದನ್ನೊಂದು ತಳ್ಳುತ್ತವೆ. ಮೇಲ್ಮುಖದವು, ಕೆಳಮುಖದವು ಬೇರೆ ಬೇರೆ ಜಾಗ ಹಂಚಿಕೊಂಡರೆ ಆ ತಳ್ಳಾಟ ಕಡಿಮೆಯಾಗುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ ಕ್ರೋಮಿಯಂ. ಅದರಲ್ಲಿರುವುದು ಸ್ಪಿನ್ ಅಲೆ ಎಂದು 1962ರಲ್ಲಿ ಭೌತವಿಜ್ಞಾನಿ ಓವರ್‌ಹೌಸರ್ ವಿವರಿಸಿದರು. ಶುದ್ಧ ಕ್ರೋಮಿಯಂ ಹರಳಿನಲ್ಲಿ ಈ ಅಲೆ ಸುಮಾರು 38 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಮಾತ್ರ ಇರುತ್ತದೆ. ಅಂದರೆ ನಿಮ್ಮೂರಿನ ಏಪ್ರಿಲ್ ಮಧ್ಯಾಹ್ನ ಅಂಗಳದಲ್ಲಿಟ್ಟರೆ ಅಲೆ ಮಾಯ, ರಾತ್ರಿ ತಂಪಾದರೆ ಮತ್ತೆ ಹಾಜರ್. ಹರಳಿನ ಜೋಡಣೆಗೂ ಈ ಅಲೆಗೂ ಲೆಕ್ಕ ಸರಿಯಾಗಿ ಹೊಂದುವುದಿಲ್ಲ ಎನ್ನುವುದು ಇನ್ನೊಂದು ತಮಾಷೆ. ತುಂಬ ತಣ್ಣಗಿರುವಾಗ ಸುಮಾರು 21 ಹರಳುಗೂಡುಗಳಿಗೆ (ಹರಳಿನಲ್ಲಿ ಮತ್ತೆ ಮತ್ತೆ ಬರುವ ಪುಟ್ಟ ಘಟಕಗಳಿಗೆ) ಒಮ್ಮೆ, 38 ಡಿಗ್ರಿಯ ಹತ್ತಿರ ಸುಮಾರು 27ಕ್ಕೆ ಒಮ್ಮೆ ಅಲೆ ಮರುಕಳಿಸುತ್ತದೆ. ಜೊತೆಗೆ ಅದರ ಅರ್ಧ ಉದ್ದದ ಸಣ್ಣ ಚಾರ್ಜ್ ಅಲೆಯೂ ಇದೆ.

ಈ ಉದ್ದ ಎಲ್ಲಿಂದ ಬಂತು? ಅತಿ ಹೆಚ್ಚು ಶಕ್ತಿಯ ಎಲೆಕ್ಟ್ರಾನ್‌ಗಳ ಗಡಿಗೆ ಫರ್ಮಿ ಮೇಲ್ಮೈ ಎನ್ನುತ್ತಾರೆ. ಇದು ಲೋಹದ ಹೊರಮೈ ಅಲ್ಲ, ಎಲೆಕ್ಟ್ರಾನ್‌ಗಳ ಚಲನೆಯ ನಕ್ಷೆಯಲ್ಲಿ ಎಳೆದ ಗಡಿ. ಕ್ರೋಮಿಯಂನಲ್ಲಿ ಅದರ ಒಂದು ತುಂಡನ್ನು ಜರುಗಿಸಿದರೆ ಇನ್ನೊಂದರ ಮೇಲೆ ಪಾತ್ರೆಯೊಳಗೆ ಪಾತ್ರೆ ಕೂತ ಹಾಗೆ ಕೂರುತ್ತದೆ. ಎಷ್ಟು ಜರುಗಿಸಬೇಕೋ ಅದೇ ಅಲೆಯ ಅಳತೆಯನ್ನು ತೀರ್ಮಾನಿಸುತ್ತದೆ. ಸುಮ್ನೆ ಎಲ್ಲ ಲೋಹಕ್ಕೂ ಇದೇ ಕಾರಣ ಹಚ್ಚುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ನಿಯೋಬಿಯಂ ಡೈಸೆಲೆನೈಡ್ ಎಂಬ ಸಂಯುಕ್ತದಲ್ಲಿ ಸುಮಾರು ಮೈನಸ್ 240 ಡಿಗ್ರಿಯಲ್ಲಿ ಚಾರ್ಜ್ ಅಲೆ ಹುಟ್ಟುತ್ತದೆ, ಅಲ್ಲಿ ಪಾತ್ರೆಗಳು ಅಷ್ಟು ಚೆನ್ನಾಗಿ ಕೂರುವುದಿಲ್ಲ. ಎಲೆಕ್ಟ್ರಾನ್‌ಗಳಿಗೂ ಪರಮಾಣುಗಳ ಕಂಪನಕ್ಕೂ ಇರುವ ನಂಟೇ ಅಲ್ಲಿ ಮುಖ್ಯ.

ಮತ್ತೆ ಕರೆಂಟಿನ ಕಥೆ? ಕರೆಂಟು ಹೊರುವುದು ಫರ್ಮಿ ಮೇಲ್ಮೈಯ ಎಲೆಕ್ಟ್ರಾನ್‌ಗಳೇ. ಅಲೆಯಿಂದ ಕ್ರೋಮಿಯಂನ ಫರ್ಮಿ ಮೇಲ್ಮೈಯ ಒಂದು ಭಾಗವಷ್ಟೇ ಹೋಗುತ್ತದೆ. ಅದಕ್ಕೇ 38 ಡಿಗ್ರಿಯ ಕೆಳಗೆ ತಣಿಸುತ್ತಾ ಹೋದಾಗ ಕರೆಂಟಿಗೆ ಅಡ್ಡಿ ಸ್ವಲ್ಪ ದೂರ ಏರುತ್ತದೆ. ಉಳಿದ ಎಲೆಕ್ಟ್ರಾನ್‌ಗಳು ಎಂದಿನಂತೆ ಓಡಾಡುತ್ತಿರುತ್ತವೆ.